ಆಲಮೇಡಿನ ನಾಲ್ಕು ನಟ್ಟು

ನಾಲ್ಕು ನಟ್ಟು, ನಾಲ್ಕು ಬೋಲ್ಟು. ಹಳಿಯ ಪಕ್ಕದ ಜಲ್ಲಿಯ ಮೇಲೆ ಸಾಲಾಗಿ ಇದ್ದವು, ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ. ಅಲ್ಲಿಂದ ಎಂಬತ್ತು ಅಡಿ ಆಚೆ ರೈಲಿನ ಕೊನೆಯ ಬೋಗಿ ಮಗುಚಿ ಬಿದ್ದಿತ್ತು.

ಅಂದು ಆಯುಧಪೂಜೆ. ಹಬ್ಬಕ್ಕೆ ಮನೆ ಸೇರಬೇಕೆಂದು ಹೊರಟವರನ್ನು ತುಂಬಿಕೊಂಡು ಬರುತ್ತಿದ್ದ ರೈಲು ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ, ಚೆನ್ನೈ ಊರಂಚಿನ ಆಲಮೇಡು ಎಂಬ ಪುಟ್ಟ ನಿಲ್ದಾಣದ ಹತ್ತಿರ ಹಳಿ ತಪ್ಪಿತು. ಹದಿನಾಲ್ಕು ಜನ ಸತ್ತರು. ಹೊಸ ಸಹಸ್ರಮಾನ ಹುಟ್ಟಿ ಅದು ಮೂರನೆಯ ದಸರಾ. ಅಷ್ಟರೊಳಗೆ ದೇಶದಲ್ಲಿ ಎಷ್ಟು ರೈಲು ಬಿದ್ದವೋ, ಬಿದ್ದ ಮೇಲೆ ಎಷ್ಟು ಸಮಿತಿ ಎದ್ದವೋ, ನೆನಪಿಟ್ಟವರು ಯಾರು?

ಕೃಷ್ಣಪ್ರಸಾದ ಅಲ್ಲಿಗೆ ತಲುಪಿದಾಗ ಎಂಟು ಗಂಟೆ. ಅವನು ಇಲಾಖೆಯ ಸುರಕ್ಷತಾ ಸಲಹೆಗಾರ. ಮೈಸೂರಿನವನು, ಮೂವತ್ತು ವರ್ಷದಿಂದ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದವನು, ನಿವೃತ್ತಿಗೆ ಇನ್ನೊಂದು ವರ್ಷ. ಸಲಹೆಗಾರ ಎನ್ನುವುದು ಹೆಸರಿಗೆ ಮಾತ್ರ. ಅವನ ಸಲಹೆಯನ್ನು ಯಾರೂ ಕೇಳಿದವರಲ್ಲ. ಅಪಘಾತವಾದಾಗ ಹೋಗಿ ನೋಡುವುದು, ಅಳೆಯುವುದು, ಬರೆದುಕೊಡುವುದು, ಇಷ್ಟೇ ಅವನ ಕೆಲಸ.

“ನೋಡಿದ್ರಾ ಸಾರ್?” ಎಂದರು ಪೊಲೀಸ್ ಇನ್ಸ್‌ಪೆಕ್ಟರ್ ಸೆಲ್ವರಾಜ್. “ನಾನು ಬಂದಿದ್ದು ಏಳಕ್ಕೆ. ಆಗಲೇ ಹೀಗೇ ಇತ್ತು. ಎರಡು ಹಳಿ ಕೂಡಿಸೋ ಫಿಶ್‌ಪ್ಲೇಟ್ ಬಿಚ್ಚಿ ಪಕ್ಕಕ್ಕಿಟ್ಟಿದಾರೆ. ಬೇಕಂತ ಮಾಡಿದ ಕೆಲಸ.”

ಕೃಷ್ಣಪ್ರಸಾದ ಕರ್ಚೀಫಿನಲ್ಲಿ ಒಂದು ನಟ್ಟನ್ನು ಎತ್ತಿ ನೋಡಿದ. ಅಂಚಿನಲ್ಲಿ ಒಂದಿಷ್ಟು ಗಂಧ, ಒಂದಿಷ್ಟು ಕುಂಕುಮ. ನೋಡಿ ಮತ್ತೆ ಅಲ್ಲೇ ಇಟ್ಟ. ಅವತ್ತು ಯಾವುದಕ್ಕೆ ಗಂಧ ಕುಂಕುಮ ಇರಲಿಲ್ಲ ಹೇಳಿ? ಅವನನ್ನು ಕರೆತಂದ ಜೀಪಿನ ಸ್ಟಿಯರಿಂಗಿಗೆ ಇತ್ತು. ಇನ್ಸ್‌ಪೆಕ್ಟರ ಲಾಠಿಗೂ ಇತ್ತು. ಊರಿಗೆ ಊರೇ ಬೊಟ್ಟು ಇಟ್ಟುಕೊಂಡ ದಿನ ಅದು.

ಆ ಭಾಗದ ಹಳಿಯ ಹೊಣೆ ಹೊತ್ತ ಸೆಕ್ಷನ್ ಇಂಜಿನಿಯರ್ ರಾಮದಾಸ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನೂ ಮೈಸೂರಿನವನೇ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಹೋಗೋ ಬಾರೋ ಎನ್ನುವಷ್ಟು ಸಲಿಗೆ. ಅವನ ಷರ್ಟೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

“ರಾಮು, ನೀನು ಬರೆದಿದ್ದ ಹಳಿ ಇದೇ ಅಲ್ವೇನೋ?”

ರಾಮದಾಸ ಮುಖ ಎತ್ತಲಿಲ್ಲ. “ಇದೇ.”

ಈ ಹಳಿ ಹಳತಾಗಿದೆ, ಬದಲಾಯಿಸಿ ಎಂದು ಅವನು ಎರಡು ವರ್ಷದಲ್ಲಿ ಐದು ಪತ್ರ ಬರೆದಿದ್ದ. ಐದಕ್ಕೂ ಇಂಗ್ಲಿಷ್ ತಿದ್ದಿಕೊಟ್ಟವನು ಕೃಷ್ಣಪ್ರಸಾದನೇ. ಹಳಿ ಬರಲಿಲ್ಲ. ಬದಲಿಗೆ ‘ಇಲ್ಲಿ ಮೂವತ್ತು ಕಿಲೋಮೀಟರ್ ವೇಗ’ ಎಂಬ ಬೋರ್ಡು ಬಂತು. ಎಂಟು ತಿಂಗಳು ನಿಂತಿದ್ದ ಆ ಬೋರ್ಡನ್ನು ಹನ್ನೆರಡು ದಿನದ ಹಿಂದೆ ಕಿತ್ತುಹಾಕಿದ್ದರು. ಹಳಿ ಸುಸ್ಥಿತಿಯಲ್ಲಿದೆ ಎಂಬ ಕಾಗದಕ್ಕೆ ಸಹಿ ಹಾಕಿದವನು ರಾಮದಾಸ.

“ಆದ್ರೆ ನಟ್ಟು ಬಿಚ್ಚಿದಾರಲ್ಲೋ,” ಎಂದ ರಾಮದಾಸ. “ಹಳಿದೇನು ತಪ್ಪು?”

ಹನ್ನೊಂದಕ್ಕೆ ರೈಲ್ವೆ ಮಂತ್ರಿಗಳು ಬಂದರು. ಕ್ಯಾಮೆರಾಗಳ ಮುಂದೆ ನಿಂತು, ಇದು ವಿಧ್ವಂಸಕ ಕೃತ್ಯ, ಮಾಡಿದವರು ಯಾರೇ ಆಗಿರಲಿ ಬಿಡುವುದಿಲ್ಲ ಎಂದರು. ಬೆಳಿಗ್ಗೆಯಿಂದ ರಾಜೀನಾಮೆ ಕೊಡಿ ಎಂದು ಕೂಗುತ್ತಿದ್ದ ವಿರೋಧ ಪಕ್ಷದವರ ಬಾಯಿ ಕಟ್ಟಿತು. ಹಳಿ ಮುರಿದರೆ ಮಂತ್ರಿಯನ್ನು ಕೇಳಬಹುದು. ಯಾರೋ ನಟ್ಟು ಬಿಚ್ಚಿದರೆ ಮಂತ್ರಿ ಪಾಪ ಏನು ಮಾಡಬೇಕು?

ಮಧ್ಯಾಹ್ನ ಎರಡರೊಳಗೆ ಆ ‘ಯಾರೋ’ಗೆ ಹೆಸರೂ ಸಿಕ್ಕಿತು. ಬಾಬು. ದಿನಾ ಆ ಹಳಿಯ ಮೇಲೆ ನಡೆದು, ಸಡಿಲವಾದ ನಟ್ಟು ಬಿಗಿಮಾಡುವ ಕೀಮನ್. ನಟ್ಟು ತಿರುಗಿಸುವ ಅವನ ಪಾನಾ ರೈಲಿನ ಪಕ್ಕದಲ್ಲೇ ಬಿದ್ದಿತ್ತು. ಹಬ್ಬಕ್ಕೆ ರಜೆ ಕೊಡಲಿಲ್ಲವೆಂದು ಅವನು ಹಿಂದಿನ ವಾರ ಜಗಳ ಆಡಿದ್ದ. ಇನ್ನೇನು ಬೇಕು?

*

ಅಂದು ಸಂಜೆಯೇ ಪೊಲೀಸರು ಬಾಬುವನ್ನು ಹಿಡಿದುಕೊಂಡು ಹೋದರು. ಮಾರನೆಯ ದಿನ ಬೆಳಿಗ್ಗೆ ಕೃಷ್ಣಪ್ರಸಾದನ ಮನೆ ಬಾಗಿಲಲ್ಲಿ ಬಾಬುವಿನ ಹೆಂಡತಿ ಜಯಲಕ್ಷ್ಮೀ ನಿಂತಿದ್ದಳು. ಹೊಸೂರಿನ ಕಡೆಯವರು, ಮನೆಮಾತು ಕನ್ನಡ. ಈ ಊರಿನಲ್ಲಿ ಕನ್ನಡ ಬಲ್ಲ ಆಫೀಸರ್ ಎಂದು ಯಾರೋ ಅವನ ಮನೆ ತೋರಿಸಿದ್ದರು.

“ಅವ್ರು ಏನೂ ಮಾಡಿಲ್ಲ ಸಾರ್. ಜನ ಬಿದ್ದವ್ರೆ ಅಂತ ಓಡಿದ್ದು, ಅಷ್ಟೇ ತಪ್ಪು. ವಕೀಲರನ್ನ ಕೇಳ್ದೆ. ಹದ್ನಾಲ್ಕು ಕೊಲೆಯಮ್ಮಾ, ನೇಣಾಗಬಹುದು ಅಂದ್ರು.” ಅವಳು ಅಳಲಿಲ್ಲ, ಅತ್ತು ಮುಗಿಸಿ ಬಂದಿದ್ದಳು. “ನೀವು ಬರ್ದು ಕೊಡ್ತೀರಂತೆ ಅಲ್ವಾ ಸಾರ್? ಒಂದು ಸಲ ಸರಿಯಾಗಿ ನೋಡಿ ಬರೀರಿ ಸಾರ್. ಸಾಕು.”

ಮೂವತ್ತು ವರ್ಷದಲ್ಲಿ ಅವನು ಬರೆದುಕೊಟ್ಟದ್ದನ್ನು ಯಾರೂ ಓದಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? “ನೋಡ್ತೀನಮ್ಮ,” ಎಂದ.

ಅಂದೇ ಟೇಪು ಹಿಡಿದು ಆಲಮೇಡಿಗೆ ಹೋದ. ಮುರಿದ ಹಳಿಯ ತುಂಡುಗಳನ್ನು ಪಕ್ಕದಲ್ಲಿ ರಾಶಿ ಹಾಕಿದ್ದರು. ರೈಲು ಬಿದ್ದ ಹೊಡೆತಕ್ಕೆ ಹಳಿ ಮುರಿಯಿತು ಎಂಬುದು ಮೇಲಿನವರ ಮಾತು. ಇಡೀ ಹಳಿ ಹದಿಮೂರು ಮೀಟರ್ ಇರಬೇಕು. ತುಂಡುಗಳನ್ನೆಲ್ಲ ಅಳೆದು ಕೂಡಿಸಿದ. ಒಂದು ಗೇಣಿನಷ್ಟು ಕಡಿಮೆ ಬಂತು. ಮತ್ತೆ ಅಳೆದ. ಮತ್ತೂ ಅಷ್ಟೇ.

ಆ ಗೇಣು ಹಳಿ ಎಲ್ಲಿ?

ಸಂಜೆ, ಇಡೀ ವಿಭಾಗಕ್ಕೆ ಮೇಲಧಿಕಾರಿಯಾದ ದೊಡ್ಡ ಸಾಹೇಬರ ಕೋಣೆಯಲ್ಲಿ ಅದನ್ನೇ ಕೇಳಿದ. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಪಕ್ಕದಲ್ಲಿ ಕೆರೆ ಇದೆ. ಹಾರಿ ಬಿದ್ದಿರಬಹುದು.”

“ಹದಿಮೂರು ಕಿಲೋ ಕಬ್ಬಿಣ ಸರ್. ಕೆರೆ ಇರೋದು ಇನ್ನೂರು ಅಡಿ ದೂರ.”

“ಮಿಸ್ಟರ್ ಕೃಷ್ಣಪ್ರಸಾದ್, ನಟ್ಟು ಬಿಚ್ಚಿತ್ತು. ಮಂತ್ರಿಗಳು ಹೇಳಿಯಾಯ್ತು. ನೀವು ಸೋಮವಾರದೊಳಗೆ ವರದಿ ಕೊಡಿ. ನಿವೃತ್ತಿ ಹತ್ತಿರ ಅಲ್ವಾ ನಿಮಗೆ?”

“ತುಂಡು ಹುಡುಕೋದು ಬೇಡ ಅಂತ ಬರೆದುಕೊಡ್ತೀರಾ ಸರ್?”

ಸಾಹೇಬರು ನಕ್ಕರು. ಅವರು ಏನನ್ನೂ ಬರೆದುಕೊಡುವವರಲ್ಲ. ಆ ಕಟ್ಟಡದಲ್ಲಿ ಮೇಲಿನಿಂದ ಇಳಿಯುವುದೆಲ್ಲ ಬಾಯಿಮಾತು, ಕೆಳಗಿನಿಂದ ಹತ್ತುವುದೆಲ್ಲ ಸಹಿ ಹಾಕಿದ ಕಾಗದ. ಬೋರ್ಡು ಕಿತ್ತದ್ದೂ ಹಾಗೆಯೇ ಇರಬೇಕು ಎಂದು ಅವನಿಗೆ ಅನ್ನಿಸಿತು.

*

ಬಾಬುವನ್ನು ನೋಡಲು ಬಿಟ್ಟದ್ದು ಐದನೆಯ ದಿನ. ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಅವನು ಎರಡೂ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಬೆರಳುಗಳು ಊದಿದ್ದವು.

“ಪಾನಾ ಅಲ್ಲಿ ಯಾಕೆ ಬಿತ್ತು ಬಾಬು?”

“ಎಸ್ದುಬಿಟ್ಟೆ ಸಾರ್. ಕಿಟಕಿಯಾಗೆ ಒಂದು ಕೈ ಆಡ್ತಾ ಇತ್ತು. ಪಾನಾ ಇಡ್ಕೊಂಡು ಎಂಗೆ ಎಳೆಯೋದು?”

“ಎಷ್ಟು ಜನರನ್ನ ಎಳೆದೆ?”

“ಎಣಿಸ್ಲಿಲ್ಲ ಸಾರ್.”

“ರಜೆಗೆ ಜಗಳ ಆಡಿದ್ಯಂತೆ?”

“ಆಡ್ದೆ. ವಿಜಯದಶಮಿಗೆ ಮಗಳಿಗೆ ಅಕ್ಷರ ಮಾಡಿಸ್ಬೇಕಿತ್ತು. ಅದಕ್ಕೆ ಯಾರಾದ್ರೂ ರೈಲು ಬೀಳಿಸ್ತಾರಾ ಸಾರ್?”

“ಆಮೇಲೆ ಮೊದಲು ಬಂದವರು ಯಾರು?”

“ನಮ್ಮ ಹಳಿ ಗ್ಯಾಂಗಿನೋರು ಬರಿಗೈಯಾಗೆ ಓಡ್ಬಂದ್ರು. ಬೆಳಕು ಹರೀತಿದ್ದಂಗೆ ಇಂಜಿನಿಯರ್ ಸಾರ್ ಹಳಿ ಮೇಲೆ ತಳ್ಳೋ ಟ್ರಾಲಿಯಾಗೆ ಬಂದ್ರು. ಟ್ರಾಲಿ ತಳ್ಳೋರನ್ನೆಲ್ಲ ನಮ್ಮ ಕಡೆ ಕಳ್ಸಿದ್ರು. ಅವ್ರು ಹಿಂದ್ಗಡೆ ಒಬ್ರೇ ಹಳಿ ನೋಡ್ತಾ ಕುಂತಿದ್ರು. ಪಾಪ, ಅವ್ರ ಹಳಿ ಅಲ್ವಾ ಸಾರ್?”

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬಾಬುವಿನ ಪಾನಾ ಇಟ್ಟು ತೋರಿಸಿದರು. ಉದ್ದನೆಯ ಹಿಡಿ, ಎಣ್ಣೆ ಜಿಡ್ಡು, ಬಾಯಿಯ ಹತ್ತಿರ ಕಪ್ಪು ಮಸಿ. ಕೃಷ್ಣಪ್ರಸಾದ ಅದನ್ನು ಎರಡು ಸಲ ತಿರುಗಿಸಿ ನೋಡಿದ. ಏನೂ ಹೊಳೆಯದೆ ಹೊರಗೆ ಬಂದು ಆಟೋ ಹತ್ತಿದ.

ಆಟೋ ಅರ್ಧ ದಾರಿ ಹೋಗಿತ್ತು. ಮೀಟರು ಎಷ್ಟು ತೋರಿಸುತ್ತಿದೆ ಎಂದು ಬಗ್ಗಿ ನೋಡಿದ. ಚೆನ್ನೈ ಆಟೋದ ಮೀಟರು ಎಂದಾದರೂ ಏನಾದರೂ ತೋರಿಸಿದ್ದುಂಟೆ? ಅದರ ಮೇಲೆ ಗಂಧದ ಬೊಟ್ಟು, ನಡುವೆ ಕುಂಕುಮ. ಐದು ದಿನವಾದರೂ ಒಣಗಿ ಹಾಗೇ ಅಂಟಿಕೊಂಡಿತ್ತು.

“ಗಾಡಿ ತಿರುಗಿಸಪ್ಪಾ!”

“ಎನ್ನ ಸಾರ್, ಏನಾದ್ರೂ ಮರೆತ್ರಾ?”

“ಹೌದು. ತಿರುಗಿಸು.”

ಸ್ಟೇಷನ್ನಿನಲ್ಲಿ ಸೀಲು ಹಾಕಿಟ್ಟ ಪೊಟ್ಟಣವನ್ನು ತೆಗೆಸಿದ. ನಾಲ್ಕು ನಟ್ಟು. ನಾಲ್ಕರ ಅಂಚಿಗೂ ಗಂಧ, ಕುಂಕುಮ. ಪಾನಾದ ಬಾಯಿ ಕಚ್ಚುವ ಜಾಗದಲ್ಲಿ ಮಾತ್ರ. ಬೇರೆ ಕಡೆ ಇಲ್ಲ. ಬಾಬುವಿನ ಪಾನಾ ಪಕ್ಕದಲ್ಲಿತ್ತು. ಅದರ ಮೇಲೆ ಒಂದು ಚಿಟಿಕೆಯೂ ಇಲ್ಲ.

“ಇನ್ಸ್‌ಪೆಕ್ಟರೇ, ಬೋಲ್ಟಿಗೆ ಯಾರೂ ಪೂಜೆ ಮಾಡಲ್ಲ ಅಲ್ವಾ?”

“ಅದಕ್ಯಾಕೆ ಮಾಡ್ತಾರೆ ಸಾರ್? ಪೂಜೆ ಪಾನಾಕ್ಕೆ, ಸುತ್ತಿಗೆಗೆ.”

“ಹಾಗಾದ್ರೆ ಈ ಗಂಧ ಪಾನಾದಿಂದ ಬಂತು. ಪೂಜೆ ಆಗಿದ್ದ ಪಾನಾದಿಂದ.”

ಇನ್ಸ್‌ಪೆಕ್ಟರ್ ನಟ್ಟನ್ನೂ ಪಾನಾವನ್ನೂ ಬದಲಿಸಿ ಬದಲಿಸಿ ನೋಡಿದರು.

ಆಲಮೇಡಿನ ಗ್ಯಾಂಗಿನ ಮೇಸ್ತ್ರಿ ಸಾಮಾನಿನ ಕೋಣೆಯ ಬೀಗ ತೆಗೆದು ತೋರಿಸಿದ. ಪಾನಾ, ಸುತ್ತಿಗೆ, ಹಾರೆಗಳನ್ನು ತೊಳೆದು ಗೋಡೆಗೆ ಒರಗಿಸಿಟ್ಟಿದ್ದರು. ಮುಂದೆ ಬಾಡಿದ ಚೆಂಡುಹೂ, ಒಡೆಯದ ತೆಂಗಿನಕಾಯಿ, ಬಿಚ್ಚದ ಗಂಧದ ಪೊಟ್ಟಣ.

“ಪೂಜೆ ಯಾವಾಗ ಇತ್ತು?”

“ಅವತ್ತೇ ಹತ್ತು ಗಂಟೆಗೆ ಸಾರ್. ಇಂಜಿನಿಯರ್ ಸಾರೇ ಬಂದು ಕಾಯಿ ಒಡೀಬೇಕಿತ್ತು. ಎಲ್ಲಿಂದ ಆಗುತ್ತೆ?”

“ಬೀಗದ ಕೈ?”

“ನನ್ನ ಸೊಂಟದಲ್ಲೇ ಇತ್ತು. ಅವತ್ತು ತೆಗೀಲೇ ಇಲ್ಲ.”

ಹಾಗಾದರೆ ಏಳು ಗಂಟೆಗೆ ಮುಂಚೆ ಅಲ್ಲಿಗೆ ಪಾನಾ ತಂದವರು ಇಬ್ಬರೇ. ಬಾಬುವಿನದಕ್ಕೆ ಪೂಜೆ ಆಗಿರಲಿಲ್ಲ. ಇನ್ನೊಂದು ಇಂಜಿನಿಯರ ಟ್ರಾಲಿಯ ಚೀಲದಲ್ಲಿ ಇರುವುದು. ಕೃಷ್ಣಪ್ರಸಾದ ಟ್ರಾಲಿ ತಳ್ಳುವ ಆಳನ್ನು ಹುಡುಕಿಕೊಂಡು ಹೋದ.

“ಟ್ರಾಲಿಯ ಸಾಮಾನಿನ ಚೀಲ ಅವತ್ತು ಎಲ್ಲಿತ್ತು?”

“ಹಿಂದಿನ ದಿನ ಸಂಜೆ ಸಾರ್ ಮನೆಗೆ ತಗೊಂಡ್ಹೋಗಿದ್ರು. ಬೆಳಗ್ಗೆ ಅವರೇ ತಂದ್ರು.”

“ವಾಪಸ್ ಹೋಗುವಾಗ?”

ಆಳು ಕತ್ತು ಕೆರೆದುಕೊಂಡ. “ಭಾರ ಇತ್ತು ಸಾರ್. ನಾನು ಎತ್ತೋಕ್ಕೆ ಹೋದೆ, ಮುಟ್ಟಬೇಡ ಅಂದ್ರು.”

*

ಶಾರದಮ್ಮ ಬಾಗಿಲು ತೆಗೆದು, “ಬನ್ನಿ ಅಣ್ಣಾ, ಈ ಸಲ ಗೊಂಬೆ ನೋಡೋಕ್ಕೂ ಬರಲಿಲ್ಲ ನೀವು,” ಎಂದರು. ರಾಮದಾಸನ ಹೆಂಡತಿ, ಮೂವತ್ತು ವರ್ಷದಿಂದ ಕೃಷ್ಣಪ್ರಸಾದನನ್ನು ಅಣ್ಣ ಎಂದೇ ಕರೆದವರು.

ಮುಂಗೋಣೆಯಲ್ಲಿ ಗೊಂಬೆ ಇನ್ನೂ ಇತ್ತು. ಏಳು ಮೆಟ್ಟಿಲು, ಬಿಳಿ ಪಂಚೆ ಹೊದಿಸಿ, ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ಸೆಟ್ಟಿ ಸೆಟ್ಟಮ್ಮ, ಅಂಗಡಿ ಸಾಮಾನು. ವಿಜಯದಶಮಿ ಮುಗಿದು ಮೂರು ದಿನವಾಗಿತ್ತು.

“ಇನ್ನೂ ಎತ್ತಿಲ್ವೇನಮ್ಮ?”

“ಅದನ್ನೇ ನಾನೂ ಕೇಳ್ತಿರೋದು. ಎತ್ತೋಕೆ ಹೋದ್ರೆ ಮೈಮೇಲೆ ಬೀಳ್ತಾರೆ. ಪಟ್ಟದ ಗೊಂಬೆ ಮಲಗಿಸೋಕ್ಕೂ ಬಿಡಲಿಲ್ಲ. ಊಟ ಇಲ್ಲ, ನಿದ್ದೆ ಇಲ್ಲ, ಇದರ ಮುಂದೆ ಕೂತಿರ್ತಾರೆ. ಎಲ್ಲ ಅವತ್ತಿನ ದೋಷ ಅಣ್ಣ.”

“ಯಾವ ದೋಷ?”

ಕೇಳಬಾರದಾಗಿತ್ತು ಎಂದು ಕೇಳುವಾಗಲೇ ಅನ್ನಿಸಿತು. ಕೇಳದೆ ಇರುವುದಕ್ಕೂ ಆಗಲಿಲ್ಲ. ಜಯಲಕ್ಷ್ಮೀ ಕಣ್ಣ ಮುಂದೆ ನಿಂತಿದ್ದಳು.

“ಟ್ರಾಲಿ ಸಾಮಾನು ಪ್ರತಿ ವರ್ಷ ನಮ್ಮ ಗೊಂಬೆ ಮುಂದೇನೇ ಪೂಜೆ ಆಗೋದು, ನಿಮಗೆ ಗೊತ್ತಲ್ಲ. ಹಿಂದಿನ ಸಂಜೇನೇ ಇಟ್ಟೆ. ನಾನೇ ಗಂಧ ತೇದು ಹಚ್ಚಿದ್ದು. ಬೆಳಿಗ್ಗೆ ಐದೂವರೆಗೆ ಫೋನು. ದೊಡ್ಡ ಸಾಹೇಬ್ರು. ಇವ್ರು ‘ಆಗ್ಲಿ ಸರ್, ಆಗ್ಲಿ ಸರ್’ ಅಂದು, ಆ ಚೀಲ ಎತ್ಕೊಂಡ್ರು. ಪೂಜೆಗಿಟ್ಟ ಆಯುಧ ದಶಮಿವರೆಗೂ ಎತ್ತಬಾರದು ಕಣ್ರೀ ಅಂದೆ. ಕೇಳಲಿಲ್ಲ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. “ತಡೀರಿ, ಕಾಫಿ ತರ್ತೀನಿ.”

“ಬೇಡಮ್ಮ. ಕೂತ್ಕೋ.”

ಗೇಟಿನ ಸದ್ದಾಯಿತು. ರಾಮದಾಸ ಒಳಗೆ ಬಂದವನು ಅವನನ್ನು ನೋಡಿ ಹೊಸ್ತಿಲಲ್ಲೇ ನಿಂತ. ಐದು ದಿನದಲ್ಲಿ ಹತ್ತು ವರ್ಷ ಮುದುಕನಾಗಿದ್ದ.

“ವರದಿ ಬರೆದ್ಯಾ?”

“ಬರೀಬೇಕು. ಅದಕ್ಕೆ ಮುಂಚೆ ನಿನಗೆ ಹೇಳೋಣ ಅಂತ ಬಂದೆ.” ಕೃಷ್ಣಪ್ರಸಾದ ಎದ್ದು ನಿಂತ. “ನಟ್ಟಿನ ಮೇಲೆ ಗಂಧ ಕುಂಕುಮ ಇತ್ತು ರಾಮು. ಎಲ್ಲರೂ ನೋಡಿದ್ವಿ, ಯಾರೂ ನೋಡಲಿಲ್ಲ. ಹಬ್ಬದ ದಿನ ಎಲ್ಲದಕ್ಕೂ ಇರುತ್ತೆ ಅಂತ ಬಿಟ್ವಿ. ಬಾಬು ಪಾನಾಕ್ಕೆ ಪೂಜೆ ಆಗಿರಲಿಲ್ಲ. ಗ್ಯಾಂಗಿನ ಸಾಮಾನು ಬೀಗದೊಳಗಿತ್ತು. ಪೊಲೀಸರು ಏಳಕ್ಕೆ ಬಂದಾಗ ನಟ್ಟು ಬಿಚ್ಚಿಯಾಗಿತ್ತು. ಅದಕ್ಕೆ ಮುಂಚೆ ಅಲ್ಲಿದ್ದ ಪೂಜೆಯಾದ ಪಾನಾ ಒಂದೇ. ಈ ಮನೆಯಿಂದ ಹೋದದ್ದು.”

ರಾಮದಾಸ ಬಾಗಿಲು ಮುಚ್ಚಿ ಅಗುಳಿ ಹಾಕಿದ.

“ಐದೂವರೆವರೆಗೂ ಅದು ಇಲ್ಲೇ ಇತ್ತು. ರೈಲು ಬಿದ್ದದ್ದು ಐದು ಹತ್ತಕ್ಕೆ. ಅಂದ್ರೆ ನಟ್ಟು ಬಿಚ್ಚಿದ್ದು ರೈಲು ಬಿದ್ದ ಮೇಲೆ. ರೈಲನ್ನ ಬೀಳಿಸಿದ್ದು ನಟ್ಟಲ್ಲ. ಹಳಿ ಮುರಿದು ಬಿತ್ತು, ನೀನು ಐದು ಸಲ ಬರೆದೆಯಲ್ಲ, ಅದೇ ಹಳಿ. ಮುರಿದ ತುಂಡನ್ನ ನೀನು ಚೀಲದಲ್ಲಿ ತಂದೆ. ಎಲ್ಲಿದೆ ಅಂತಾನೂ ಹೇಳಲಾ?”

ಶಾರದಮ್ಮ ಗೊಂಬೆಯ ಕಡೆ ತಿರುಗಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಮೇಲಿನ ಮೆಟ್ಟಿಲಿನಿಂದ ಪಟ್ಟದ ರಾಜನನ್ನು ತೆಗೆದು ಮಲಗಿಸಿದರು. ರಾಣಿಯನ್ನು ಮಲಗಿಸಿದರು. ಒಂದೊಂದೇ ಗೊಂಬೆಯನ್ನು ಇಳಿಸಿ ಚಾಪೆಯ ಮೇಲಿಟ್ಟರು. ಕೊನೆಯ ಮೆಟ್ಟಿಲಿನ ಪಂಚೆ ಸರಿಸಿದಾಗ ಮೆಟ್ಟಿಲಿಗೆ ಆಸರೆಯಾಗಿಟ್ಟ ಟ್ರಂಕಿನ ಹಿಂದೆ, ಗೋಣಿಯಲ್ಲಿ ಸುತ್ತಿದ ಹಳಿಯ ತುಂಡು ಸಿಕ್ಕಿತು.

ಕೃಷ್ಣಪ್ರಸಾದ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಾಗಿ ತುಕ್ಕು ಹಿಡಿದಿತ್ತು. ತಿಂಗಳುಗಟ್ಟಲೆ ಹಿಂದೆ ಬಿಟ್ಟ ಬಿರುಕು. ಹೊಳೆಯುತ್ತಿದ್ದದ್ದು ಉಳಿದ ಕಾಲು ಭಾಗ ಮಾತ್ರ. ಅಷ್ಟು ಕಬ್ಬಿಣದ ಮೇಲೆ ಜನ ತುಂಬಿದ ರೈಲು ಓಡುತ್ತಿತ್ತು.

“ಎಸೆಯೋಕ್ಕಾಗಲಿಲ್ಲ ಕಣೋ,” ಎಂದ ರಾಮದಾಸ. “ಕೆರೆಗೆ ಹಾಕ್ಬೇಕು ಅಂತಾನೇ ತಂದೆ. ಆಗಲಿಲ್ಲ. ನಾನು ಬರೆದದ್ದು ನಿಜ ಅನ್ನೋಕೆ ಇದೊಂದೇ ಇತ್ತು.”

“ಬೋರ್ಡು ಯಾಕೆ ಕಿತ್ತೆ?”

“ಹಬ್ಬದ ರೈಲುಗಳು ಲೇಟಾಗ್ತಿವೆ, ಮಂತ್ರಿಗಳು ಬೈತಿದಾರೆ, ಸಹಿ ಹಾಕು ಅಂದ್ರು ದೊಡ್ಡ ಸಾಹೇಬ್ರು. ಬರೆದು ಕೊಡಿ ಸರ್ ಅಂದೆ. ‘ನಿನ್ನ ಮೇಲೆ ನಂಬಿಕೆ ಇಲ್ಲವಾ ನನಗೆ, ನಿನಗೆ ಮಾತ್ರ ನನ್ನ ಮೇಲೆ ಇಲ್ಲವಾ’ ಅಂದ್ರು. ಹಾಕ್ದೆ. ಅವತ್ತು ಫೋನಲ್ಲಿ, ‘ಅಲ್ಲಿಗೆ ಮೊದಲು ಹೋಗೋನು ನೀನು. ಅದು ಹಳಿ ಮುರಿದದ್ದಾದ್ರೆ ಸಹಿ ನಿಂದು, ಹತ್ತೋ ನಲವತ್ತೋ ಎಲ್ಲ ನಿನ್ನ ತಲೆ ಮೇಲೆ. ಬೇರೆ ಏನಾದ್ರೂ ಆದ್ರೆ ನೋಡು’ ಅಂದ್ರು. ಅಷ್ಟೇ. ನಟ್ಟು ಬಿಚ್ಚು ಅಂತ ಬಾಯಿಬಿಟ್ಟು ಹೇಳಲೂ ಇಲ್ಲ.”

“ಬಾಬುನ ಹಿಡೀತಾರೆ ಅಂತ ಗೊತ್ತಿತ್ತಾ?”

“ಇಲ್ಲ. ಯಾರೋ ಅಂತ ಆಗುತ್ತೆ, ಯಾರೂ ಸಿಕ್ಕಲ್ಲ ಅಂದ್ಕೊಂಡೆ. ಸಿಕ್ಕ ಮೇಲೆ ಹೇಳೋಕೆ ಧೈರ್ಯ ಬರಲಿಲ್ಲ.”

ಶಾರದಮ್ಮ ಇಷ್ಟೂ ಹೊತ್ತು ಕೈಯಲ್ಲಿ ಒಂದು ಗೊಂಬೆ ಹಿಡಿದೇ ನಿಂತಿದ್ದರು.

“ರೀ,” ಎಂದರು. “ನೀವು ನಟ್ಟು ಬಿಚ್ಚುವಾಗ ಒಳಗಿದ್ದೋರು ಕೂಗ್ತಾ ಇದ್ರಾ?”

ರಾಮದಾಸ ಬಗ್ಗಿ ಗೋಣಿಯನ್ನು ಎತ್ತಿ ಮಡಚತೊಡಗಿದ.

“ಕೇಳಿದ್ದಕ್ಕೆ ಹೇಳ್ರೀ. ಕೂಗ್ತಾ ಇದ್ರಾ?”

“ಕೂಗ್ತಾ ಇದ್ರು,” ಎಂದ ರಾಮದಾಸ. “ನಾಲ್ಕು ಬಿಚ್ಚಿ ಮುಗಿಯೋವರೆಗೂ ಕೂಗ್ತಾನೇ ಇದ್ರು.”

*

ಸೋಮವಾರ ಕೃಷ್ಣಪ್ರಸಾದ ಹನ್ನೊಂದು ಪುಟದ ವರದಿ ಕೊಟ್ಟ. ನಟ್ಟು, ಗಂಧ, ಹಳಿಯ ತುಂಡು, ಐದು ಪತ್ರ, ಫೋನು, ಎಲ್ಲ ಬರೆದ. ರಾಮದಾಸ ತಾನೇ ಹೋಗಿ ಪೊಲೀಸರ ಮುಂದೆ ನಿಂತ.

ಮಾರನೆಯ ದಿನದ ಪತ್ರಿಕೆ ನೋಡಿ ಕೃಷ್ಣಪ್ರಸಾದನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಧ್ವಂಸಕ ಕೃತ್ಯ ಸಾಬೀತು, ನಟ್ಟು ಬಿಚ್ಚಿದ ಇಂಜಿನಿಯರ್ ಬಂಧನ! ರೈಲು ಬಿದ್ದ ಮೇಲೆ ಬಿಚ್ಚಿದ್ದು ಎಂಬ ಮಾತು ಅದರಲ್ಲಿ ಇರಲೇ ಇಲ್ಲ. ಹಳಿಯ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಲಾಗಿದೆ, ಫಲಿತಾಂಶ ಬರಬೇಕಾಗಿದೆ ಎಂದರು, ಅದು ಬರಲಿಲ್ಲ. ದೊಡ್ಡ ಸಾಹೇಬರು ತಾವು ಅಂದು ಯಾರಿಗೂ ಫೋನ್ ಮಾಡಿಲ್ಲ ಎಂದರು. ಶಾರದಮ್ಮ ಹೇಳಿದ್ದು ಆರೋಪಿಯ ಹೆಂಡತಿಯ ಮಾತಾಯಿತು. ಮಂತ್ರಿಗಳು ಹೊಸ ಸಮಿತಿ ಮಾಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇವರು ಅದನ್ನೂ ಹಾಕಲಿಲ್ಲ.

ಬಾಬು ಇಪ್ಪತ್ತೊಂದು ದಿನದ ಮೇಲೆ ಹೊರಗೆ ಬಂದ, ಮತ್ತೆ ಹಳಿಯ ಕೆಲಸಕ್ಕೆ ಹೋದ. ಅದೊಂದೇ ಸಮಾಧಾನ ಎಂದುಕೊಂಡು ಕೃಷ್ಣಪ್ರಸಾದ ನಿದ್ದೆ ಮಾಡಲು ನೋಡಿದ. ಆಲಮೇಡಿಗೆ ಬೇರೆ ಕಡೆಯಿಂದ ಕಿತ್ತ ಹಳೆಯ ಹಳಿ ತಂದು ಹಾಕಿದರು. ಹೊಸ ಇಂಜಿನಿಯರ್ ಯಾವ ಪತ್ರವನ್ನೂ ಬರೆಯುವುದಿಲ್ಲ ಎಂದು ಕೇಳಿದ. ಬರೆದವನ ಗತಿ ಏನಾಯಿತೆಂದು ಎಲ್ಲರೂ ನೋಡಿದ್ದರು.

ಮಾರ್ಗಳಿ, ಎಂದರೆ ನಮ್ಮ ಧನುರ್ಮಾಸದ ಒಂದು ಬೆಳಿಗ್ಗೆ, ಬೀದಿಯಲ್ಲಿ ಹೆಂಗಸರು ಇನ್ನೂ ರಂಗೋಲಿ ಹಾಕುತ್ತಿದ್ದ ಹೊತ್ತು, ಬಾಬು ಬಂದ. ಕೈಯಲ್ಲಿ ಮಡಚಿದ ಕಾಗದ.

“ಇಂಗ್ಲಿಷ್‌ನಾಗೆ ಐತೆ ಸಾರ್. ಏನಂತ ಸ್ವಲ್ಪ ನೋಡಿ.”

“ಏನಾಯ್ತೋ?”

“ಹೋದ ವಾರ ಹಳಿಯಾಗೆ ಬಿರುಕು ಕಾಣಿಸ್ತು ಸಾರ್. ಆಲಮೇಡಿಂದ ಇತ್ಲಾಗೆ. ಮೇಸ್ತ್ರಿಗೆ ಹೇಳ್ದೆ. ಬರೀಬೇಡಪ್ಪ, ಬರೆದೋರೇ ಸಿಕ್ಕಾಕ್ಕೊಳ್ಳೋದು ಅಂದ್ರು. ಅಷ್ಟರಾಗೆ ರೈಲು ಬರೋ ಸದ್ದು. ಕೆಂಪು ಬಾವುಟ ಇಡ್ಕೊಂಡು ನಿಂತ್ಕೊಂಡೆ. ನಿಂತೋಯ್ತು ಸಾರ್. ಇಪ್ಪತ್ತು ನಿಮಿಷ. ಒಳಗೆ ಮಂತ್ರಿಗಳ ಕಡೆಯೋರು ಯಾರೋ ಇದ್ರಂತೆ, ಬೈದ್ರು.”

“ಬಿರುಕು?”

“ಆಮೇಲೆ ಬಂದು ನೋಡಿದ್ರು. ಅದೇನೂ ಇಲ್ಲ, ಗೀರು ಅಂದ್ರು. ಅಂಗೇ ಐತೆ ಸಾರ್ ಅದು. ದಿನಾ ನೋಡ್ತೀನಿ. ಬೆಳೀತಾ ಐತೆ.”

ಕೃಷ್ಣಪ್ರಸಾದ ಕಾಗದ ಬಿಚ್ಚಿ ಓದಿದ. ಸಾಕಷ್ಟು ಕಾರಣವಿಲ್ಲದೆ ರೈಲನ್ನು ಇಪ್ಪತ್ತು ನಿಮಿಷ ತಡೆದದ್ದಕ್ಕಾಗಿ, ಹಿಂದೆ ಪೊಲೀಸ್ ವಶದಲ್ಲಿದ್ದುದನ್ನೂ ಗಮನಿಸಿ, ಕೆಲಸದಿಂದ ಅಮಾನತು. ಇವತ್ತಿನಿಂದಲೇ.

“ಏನಂತೆ ಸಾರ್?”

ಇವತ್ತು ಬಾಬು ಹೋಗದಿದ್ದರೆ ಆ ಬಿರುಕನ್ನು ನೋಡುವವರು ಯಾರು ಎಂದು ಕೃಷ್ಣಪ್ರಸಾದ ಯೋಚಿಸುತ್ತಿದ್ದ. ಕೆಳಗೆ ಸಹಿ ಇತ್ತು. ಇಂಥ ಕಾಗದಕ್ಕೆ ಚಿಕ್ಕ ಅಧಿಕಾರಿಯ ಸಹಿ ಸಾಕಾಗುತ್ತದೆ. ಅವನು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದ. ತಪ್ಪಾಗಿರಲಿಲ್ಲ. ರಾಮದಾಸ ಬೇಡಿಕೊಂಡರೂ ಸಿಗದಿದ್ದ, ತನ್ನ ಹನ್ನೊಂದು ಪುಟಕ್ಕೂ ಸಿಗದಿದ್ದ ಸಹಿ. ದೊಡ್ಡ ಸಾಹೇಬರು ಕೊನೆಗೂ ಒಂದು ಕಾಗದಕ್ಕೆ ಸಹಿ ಹಾಕಿದ್ದರು.